ಮನೆಯ ಲೆಕ್ಕ, ಮನೆಯ ಗುಟ್ಟು

ಹಳ್ಳಿಯ ಮನೆಗಳಿಗೆ ಆಗಾಗ ಸರ್ಕಾರದ ಪರವಾಗಿ ಯಾರಾದರೊಬ್ಬರು ಬಂದು ಪ್ರಶ್ನೆಗಳನ್ನು ಕೇಳುವುದುಂಟು. ಒಮ್ಮೆ ಶಾಲೆಯ ಉಪಾಧ್ಯಾಯರು ಜನಗಣತಿಯ ಕೆಲಸಕ್ಕಾಗಿ ಬರುತ್ತಾರೆ. ಇನ್ನೊಮ್ಮೆ ಅಂಗನವಾಡಿ ಕಾರ್ಯಕರ್ತೆಯು ಹುಟ್ಟು ಸಾವುಗಳ ವಿವರವನ್ನು ಕೇಳುತ್ತಾಳೆ. ಮತ್ತೊಮ್ಮೆ ಪಟ್ಟಣದಿಂದ ಬಂದ ಅಪರಿಚಿತ ಮಹಿಳೆಯೊಬ್ಬಳು ಆರೋಗ್ಯ ಸಮೀಕ್ಷೆಯ ಹೆಸರಿನಲ್ಲಿ ನಿಮ್ಮ ಜಗಲಿಯ ಮೇಲೆ ಕುಳಿತು ಮಾತಿಗೆ ತೊಡಗುತ್ತಾಳೆ. ಮದುವೆಯಾದಾಗ ನಿಮಗೆ ಎಷ್ಟು ವಯಸ್ಸಾಗಿತ್ತು? ಒಟ್ಟು ಎಷ್ಟು ಮಕ್ಕಳನ್ನು ಹೆತ್ತಿರಿ? ಅವರಲ್ಲಿ ಎಷ್ಟು ಮಂದಿ ಈಗ ಬದುಕಿದ್ದಾರೆ? ಸಂತಾನ ನಿಯಂತ್ರಣದ ಯಾವ ವಿಧಾನವನ್ನು ಅನುಸರಿಸುತ್ತಿದ್ದೀರಿ? ಇಂತಹ ಪ್ರಶ್ನೆಗಳು ಸಂಸಾರದ ಒಳಮನೆಯನ್ನೇ ಮುಟ್ಟುತ್ತವೆ. ಆದುದರಿಂದ ಉತ್ತರ ಹೇಳಲು ಗಂಡ ಹೆಂಡಿರಿಬ್ಬರೂ ಹಿಂಜರಿಯುವುದು ಸಹಜ.

ಈ ಹಿಂಜರಿಕೆಯ ಹಿಂದೆ ಕೆಲವು ಭಯಗಳಿರುತ್ತವೆ. ಹೇಳಿದ ಮಾತು ನೆರೆಹೊರೆಗೆ ಹರಡೀತು ಎಂಬುದು ಒಂದು. ಮಕ್ಕಳ ಲೆಕ್ಕ ಕೊಟ್ಟರೆ ನಾಳೆ ಶಸ್ತ್ರಚಿಕಿತ್ಸೆಗೆ ಒತ್ತಾಯ ಬಂದೀತು ಎಂಬುದು ಇನ್ನೊಂದು. ಹದಿನಾರಕ್ಕೇ ಮದುವೆಯಾಯಿತೆಂದು ಹೇಳಿದರೆ ಪೊಲೀಸರು ಬಂದಾರು, ಜಮೀನಿನ ವಿವರ ಹೇಳಿದರೆ ದಾಯಾದಿಗಳ ಕೈಗೆ ಸಿಕ್ಕೀತು ಎಂಬ ಅಂಜಿಕೆಯೂ ಉಂಟು. ಈ ಭಯಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕೆ ಇಲ್ಲ, ನಿಮ್ಮ ಮಾತನ್ನು ಕಾಪಾಡಲು ಕಾನೂನು ಯಾವ ಕಟ್ಟುಪಾಡುಗಳನ್ನು ಮಾಡಿದೆ, ನೀವು ಯಾವ ಎಚ್ಚರಿಕೆಯನ್ನು ವಹಿಸಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಎರಡು ಬಗೆಯ ದಾಖಲೆಗಳು

ಮೊದಲು ಒಂದು ಮುಖ್ಯವಾದ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ನಿಮ್ಮೂರಿನ ಹಾಲು ಉತ್ಪಾದಕರ ಸಂಘವನ್ನು ನೆನೆಯಿರಿ. ಬೆಳಿಗ್ಗೆ ನೀವು ಕೊಂಡೊಯ್ದ ಹಾಲನ್ನು ಅಳೆದು ನಿಮ್ಮ ಹೆಸರಿನ ಪುಸ್ತಕದಲ್ಲಿ ಬರೆಯುತ್ತಾರೆ. ಹಣ ನಿಮಗೇ ಸಲ್ಲಬೇಕಾದುದರಿಂದ ಅಲ್ಲಿ ಹೆಸರು ಬೇಕು. ಅನಂತರ ಆ ಹಾಲನ್ನು ಕ್ಯಾನಿಗೆ ಸುರಿಯುತ್ತಾರೆ. ಕ್ಯಾನು ಲಾರಿಯೇರಿ ಒಕ್ಕೂಟವನ್ನು ತಲುಪಿದಾಗ ಇಷ್ಟು ಲೀಟರು ಹಾಲು ಬಂದಿತೆಂದು ತಿಳಿಯುವುದೇ ಹೊರತು, ಯಾರ ಮನೆಯ ಹಸುವಿನ ಹಾಲು ಎಷ್ಟಿತ್ತೆಂದು ಯಾರಿಗೂ ಹೇಳಲಾಗದು.

ಸರ್ಕಾರದ ದಾಖಲೆಗಳೂ ಹೀಗೆಯೇ ಎರಡು ಬಗೆಯವು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡು ಮೊದಲನೆಯ ಬಗೆಯದು. ಆ ಸೇವೆ ನಿಮಗೇ ತಲುಪಬೇಕು, ಮಗುವಿನ ಲಸಿಕೆ ತಪ್ಪಬಾರದು. ಆದ್ದರಿಂದ ಅದರಲ್ಲಿ ಹೆಸರು, ಊರು ಎಲ್ಲವೂ ಇರುತ್ತವೆ. ಇದು ಸೇವೆಯ ದಾಖಲೆ. ಎರಡನೆಯದು ಅಂಕಿಅಂಶದ ದಾಖಲೆ. ಜನಗಣತಿ, ಮಾದರಿ ನೋಂದಣಿ, ಕುಟುಂಬ ಆರೋಗ್ಯ ಸಮೀಕ್ಷೆ ಇವೆಲ್ಲ ಈ ಬಗೆಗೆ ಸೇರುತ್ತವೆ. ಇಲ್ಲಿಯೂ ಮನೆಯನ್ನು ಗುರುತಿಸುವುದಕ್ಕಾಗಿ, ಒಬ್ಬರನ್ನೇ ಎರಡು ಬಾರಿ ಎಣಿಸದಿರುವುದಕ್ಕಾಗಿ ಮೊದಲಿಗೆ ಹೆಸರನ್ನು ಬರೆದುಕೊಳ್ಳುವುದುಂಟು. ಆದರೆ ಕೊನೆಗೆ ಹೊರಬರುವುದು ಕ್ಯಾನಿನ ಲೆಕ್ಕ ಮಾತ್ರ. ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ತಾಯಂದಿರು ಆಸ್ಪತ್ರೆಯಲ್ಲಿ ಹೆತ್ತರು ಎಂಬ ಒಟ್ಟು ಸಂಖ್ಯೆಗಳೇ ಸರ್ಕಾರಕ್ಕೆ ಬೇಕಾದುವು.

ಆರೋಗ್ಯ ಕೇಂದ್ರದಿಂದ ಪ್ರತಿ ತಿಂಗಳೂ ಮೇಲಿನ ಕಚೇರಿಗೆ ಹೋಗುವ ಅಂಕಿಅಂಶದ ವರದಿಯೂ ಇದೇ ರೀತಿಯದು. ಇಷ್ಟು ಹೆರಿಗೆಗಳಾದುವು, ಇಷ್ಟು ಮಂದಿಗೆ ವಂಕಿ ತೊಡಿಸಲಾಯಿತು, ಇಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು ಎಂದು ಅದರಲ್ಲಿರುತ್ತದೆ. ಯಾರಿಗೆ ಎಂಬುದು ಅದರಲ್ಲಿರುವುದಿಲ್ಲ.

ಜನಗಣತಿಯ ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಗಳಿಗೊಮ್ಮೆ ತಪ್ಪದೆ ಜನಗಣತಿ ನಡೆದು ಬಂದಿತು. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಕೋವಿಡ್ ಪಿಡುಗಿನಿಂದಾಗಿ ಮುಂದಕ್ಕೆ ಹೋಯಿತು. 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಗಣತಿ 2027ರದು. ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ರ ಮೊದಲ ಕ್ಷಣವೇ ಎಣಿಕೆಯ ಹೊತ್ತು. ಇದರಲ್ಲಿ ಕಾಗದದ ಬದಲು ಮೊಬೈಲ್ ಯಂತ್ರದಲ್ಲಿ ಉತ್ತರಗಳನ್ನು ತುಂಬುವ ಏರ್ಪಾಡಿದೆ. ಬರೆಯುವ ಸಾಧನ ಬದಲಾದರೂ ಅದನ್ನು ಆಳುವ ಕಾನೂನು ಒಂದೇ. ಅದು 1948ರ ಜನಗಣತಿ ಕಾಯಿದೆ.

ಈ ಕಾಯಿದೆಯ 15ನೆಯ ಪ್ರಕರಣವು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದುದು. ಗಣತಿ ಅಧಿಕಾರಿಯು ಬರೆದ ಪುಸ್ತಕ, ರಿಜಿಸ್ಟರು ಅಥವಾ ದಾಖಲೆಯನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲವೆಂದು ಅದು ವಿಧಿಸುತ್ತದೆ. ನಿಮ್ಮ ದಾಯಾದಿಯಾಗಲಿ, ಬೀಗರಾಗಲಿ, ಪಂಚಾಯಿತಿಯ ಸದಸ್ಯರಾಗಲಿ ಅದನ್ನು ತೋರಿಸೆಂದು ಕೇಳುವಂತಿಲ್ಲ. ಅಷ್ಟೇ ಅಲ್ಲ, ಆ ದಾಖಲೆಯ ಯಾವ ನಮೂದನ್ನೂ ಸಿವಿಲ್ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲಾಗದು. ಜಮೀನಿನ ಪಾಲು, ಜೀವನಾಂಶ, ವಾರಸುದಾರಿಕೆ ಯಾವ ತಕರಾರಿನಲ್ಲಿಯೂ ಅದು ನಿಮ್ಮ ವಿರುದ್ಧವಾಗಿ ನಿಲ್ಲದು. ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ಅದು ಸಾಕ್ಷ್ಯವಲ್ಲ. ಗಣತಿಯ ಕಾಯಿದೆಯನ್ನೇ ಮುರಿದ ಅಪರಾಧದ ವಿಚಾರಣೆಯೊಂದೇ ಇದಕ್ಕೆ ಹೊರತು.

ಹಾಗಾದರೆ ಹದಿನಾರಕ್ಕೆ ಮದುವೆಯಾದ ತಾಯಿಯೊಬ್ಬಳು ಗಣತಿದಾರರಿಗೆ ನಿಜವನ್ನು ಹೇಳಬಹುದೇ? ಹೇಳಬಹುದು, ಹೇಳಬೇಕು. ಆ ನಮೂದನ್ನು ಹಿಡಿದುಕೊಂಡು ಬಾಲ್ಯವಿವಾಹದ ಮೊಕದ್ದಮೆಯನ್ನು ಸಾಧಿಸಲು ಬರುವುದಿಲ್ಲ. ಆದರೆ ಇದು ಗಣತಿಯ ದಾಖಲೆಗೆ ಮಾತ್ರ ಅನ್ವಯಿಸುವ ರಕ್ಷಣೆಯೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. 18 ವರ್ಷ ತುಂಬದ ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಕಾಯಿದೆಯಂತೆ ಆ ವಿಷಯವನ್ನು ತಿಳಿಸುವ ಹೊಣೆ ವೈದ್ಯರ ಮೇಲಿದೆ. ಆ ಭಯದಿಂದ ಚಿಕಿತ್ಸೆಯನ್ನು ತಪ್ಪಿಸಿದರೆ ಎಳೆಯ ತಾಯಿಯ ಪ್ರಾಣಕ್ಕೇ ಸಂಚಕಾರ. ಹುಡುಗಿಗೆ 18 ತುಂಬುವ ಮೊದಲು ಮದುವೆ ಮಾಡದಿರುವುದೇ ಸರಿಯಾದ ದಾರಿ.

ಇನ್ನು ಗಣತಿಯ ಸಿಬ್ಬಂದಿಯೇ ಬಾಯಿಬಿಟ್ಟರೆ? ಅದಕ್ಕೆ 11ನೆಯ ಪ್ರಕರಣವಿದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಗಣತಿಯ ಮಾಹಿತಿಯನ್ನು ಹೊರಗೆಡಹುವ ಅಧಿಕಾರಿಗೆ ಸಾವಿರ ರೂಪಾಯಿಗಳವರೆಗೆ ದಂಡವನ್ನೂ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಅನುಚಿತವಾದ ಅಥವಾ ಮನನೋಯಿಸುವ ಪ್ರಶ್ನೆಯನ್ನು ಬೇಕೆಂದೇ ಕೇಳುವುದೂ ಅದೇ ಪ್ರಕರಣದಂತೆ ಅಪರಾಧ. ಈ ಕಟ್ಟು ಒಂದೇ ಕಡೆಗಲ್ಲ. ತಿಳಿದಷ್ಟರಮಟ್ಟಿಗೆ ನಿಜವಾದ ಉತ್ತರ ಕೊಡುವುದು ನಿಮ್ಮ ಮೇಲಿನ ಕಾನೂನುಬದ್ಧ ಕರ್ತವ್ಯ. ಬೇಕೆಂದೇ ಸುಳ್ಳು ಹೇಳಿದರೆ ನಿಮಗೂ ದಂಡವಿದೆ.

ಕಾಯಿದೆಯ ಇನ್ನೊಂದು ಮಾತನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಉತ್ತರ ಕರ್ನಾಟಕದಲ್ಲಿ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುವ ಸಂಪ್ರದಾಯವೂ ಉಂಟು. ಕಾಯಿದೆಯನ್ನು ಬರೆದವರು ಈ ಸಂಕೋಚವನ್ನು ಅರಿತಿದ್ದರು. ಯಾವ ಹೆಂಗಸೂ ತನ್ನ ಗಂಡನ ಅಥವಾ ತೀರಿಹೋದ ಗಂಡನ ಹೆಸರನ್ನಾಗಲಿ, ರೂಢಿಯಂತೆ ಹೇಳಬಾರದ ಬೇರೆ ಯಾವ ಹೆಸರನ್ನಾಗಲಿ ಹೇಳಲೇಬೇಕೆಂಬ ನಿರ್ಬಂಧವಿಲ್ಲ. ಅಂತೆಯೇ ಮನೆಯ ಹೆಂಗಸರ ಹೆಸರನ್ನು ಹೇಳಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ ಎಂದು 8ನೆಯ ಪ್ರಕರಣ ಹೇಳುತ್ತದೆ. ಲೆಕ್ಕಕ್ಕೆ ಬೇಕಾದುದು ಉತ್ತರವೇ ಹೊರತು ಹೆಸರಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಹುಟ್ಟು ಸಾವುಗಳ ನೋಂದಣಿ

ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. ಇದು 1969ರ ಜನನ ಮರಣ ನೋಂದಣಿ ಕಾಯಿದೆಯ ವಿಧಿ. ಜನನದ ವರದಿಯ ನಮೂನೆಯನ್ನು ಗಮನಿಸಿ ನೋಡಿದರೆ ಅದರಲ್ಲಿ ಎರಡು ಭಾಗಗಳಿರುವುದು ಕಾಣುತ್ತದೆ. ಒಂದು ಕಾನೂನಿನ ಮಾಹಿತಿ. ಮಗುವಿನ ಹೆಸರು, ಹುಟ್ಟಿದ ದಿನ, ಸ್ಥಳ, ತಂದೆತಾಯಿಗಳ ಹೆಸರು ಇದರಲ್ಲಿರುತ್ತವೆ. ಇದು ರಿಜಿಸ್ಟರಿಗೆ ಸೇರುತ್ತದೆ. ಪ್ರಮಾಣಪತ್ರ ಸಿಗುವುದು ಇದರಿಂದಲೇ. ಇನ್ನೊಂದು ಅಂಕಿಅಂಶದ ಮಾಹಿತಿ. ಮದುವೆಯಾದಾಗ ತಾಯಿಯ ವಯಸ್ಸು, ಇದು ಎಷ್ಟನೆಯ ಮಗು, ಹೆರಿಗೆ ಯಾವ ರೀತಿಯದು, ಮಗುವಿನ ತೂಕವೆಷ್ಟು ಎಂಬ ವಿವರಗಳು ಈ ಭಾಗದಲ್ಲಿರುತ್ತವೆ. ಇವು ಲೆಕ್ಕ ಹಾಕುವುದಕ್ಕಾಗಿ ಬೇರೆಯಾಗಿ ಹೋಗುತ್ತವೆ. ಮಗುವಿನ ಪ್ರಮಾಣಪತ್ರದಲ್ಲಿ ಅಚ್ಚಾಗುವುದಿಲ್ಲ. ಮುಂದೆ ಮಗಳನ್ನು ಶಾಲೆಗೆ ಸೇರಿಸುವಾಗ ನಿಮ್ಮ ಮದುವೆಯ ವಯಸ್ಸನ್ನು ಉಪಾಧ್ಯಾಯರು ಅದರಲ್ಲಿ ಓದುವ ಸಂಭವವಿಲ್ಲ.

ಮರಣದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರಿಕೆಯಿದೆ. ಮರಣದ ಕಾರಣ ರಿಜಿಸ್ಟರಿನಲ್ಲಿ ನಮೂದಾಗಿದ್ದರೂ, ಯಾರಿಗೇ ಆಗಲಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಅದನ್ನು ತೋರಿಸಕೂಡದೆಂದು ಇದೇ ಕಾಯಿದೆಯ 17ನೆಯ ಪ್ರಕರಣ ತಡೆದಿದೆ. ಕ್ಷಯದಿಂದಲೋ, ಏಡ್ಸ್ ರೋಗದಿಂದಲೋ, ವಿಷ ಸೇವನೆಯಿಂದಲೋ ಆದ ಸಾವನ್ನು ಮನೆಯವರು ಮುಚ್ಚಿಡಲು ನೋಡುವುದುಂಟು. ಕಾರಣವನ್ನು ಸರಿಯಾಗಿ ಬರೆಸಿ. ಪಹಣಿ ಬದಲಾವಣೆಗೋ ವಿಮೆಗೋ ನೀವು ಕೊಂಡೊಯ್ಯುವ ಪ್ರಮಾಣಪತ್ರದಲ್ಲಿ ಅದು ಕಾಣಿಸದು.

ಅನ್ನಕ್ಕೆ ಒಂದು ಅಗುಳು

ಎಲ್ಲ ಮನೆಗಳನ್ನೂ ಪದೇ ಪದೇ ಎಣಿಸಲಾಗದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವಂತೆ, ಆಯ್ದ ಕೆಲವು ಹಳ್ಳಿಗಳನ್ನು ಮಾತ್ರ ನೋಡಿ ನಾಡಿನ ಸ್ಥಿತಿಯನ್ನು ಅಂದಾಜು ಮಾಡುವ ಪದ್ಧತಿಯಿದೆ. 1969–70ರ ಹೊತ್ತಿಗೆ ದೇಶದಾದ್ಯಂತ ನೆಲೆಗೊಂಡ ಮಾದರಿ ನೋಂದಣಿ ವ್ಯವಸ್ಥೆಯು ಅಂಥದು. ಆಯ್ದ ಹಳ್ಳಿಯಲ್ಲಿ ಸ್ಥಳೀಯ ಎಣಿಕೆದಾರರೊಬ್ಬರು ಹುಟ್ಟು ಸಾವುಗಳನ್ನು ಆಗಿಂದಾಗ್ಗೆ ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಸ್ವತಂತ್ರವಾಗಿ ವಿಚಾರಿಸುತ್ತಾರೆ. ಎರಡು ಪಟ್ಟಿಗಳನ್ನೂ ತಾಳೆ ನೋಡಿ, ಹೊಂದದೆ ಇರುವುದನ್ನು ಮತ್ತೆ ಮನೆಗೆ ಬಂದು ಕೇಳುತ್ತಾರೆ. ತಾಳೆ ನೋಡುವುದಕ್ಕಾಗಿಯೇ ಅಲ್ಲಿ ಹೆಸರು ಬೇಕು. ಪ್ರಕಟವಾಗುವ ವರದಿಯಲ್ಲಿ ಜನನ ಪ್ರಮಾಣ, ಮರಣ ಪ್ರಮಾಣಗಳಲ್ಲದೆ ಬೇರೇನೂ ಇರುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 1992–93ರಲ್ಲಿ ಆರಂಭವಾಯಿತು. 2019–21ರಲ್ಲಿ ನಡೆದ ಐದನೆಯ ಸಮೀಕ್ಷೆಯಲ್ಲಿ 6,36,699 ಮನೆಗಳ 7,24,115 ಮಹಿಳೆಯರನ್ನೂ 1,01,839 ಪುರುಷರನ್ನೂ ಪ್ರಶ್ನಿಸಲಾಯಿತು. ಇಲ್ಲಿ ಉತ್ತರ ಹೇಳುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಆರಂಭಕ್ಕೆ ಮೊದಲು ಒಪ್ಪಿಗೆಯ ಪತ್ರವನ್ನು ಓದಿ ಹೇಳಬೇಕು. ಬೇಡವೆನಿಸಿದ ಪ್ರಶ್ನೆಯನ್ನು ನೀವು ಬಿಡಬಹುದು. ಗಂಡನಿಂದ ಹೊಡೆತ ಬಡಿತಗಳಾಗಿವೆಯೇ ಎಂಬ ಭಾಗವನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದ ಏಕಾಂತವಿದ್ದರೆ ಮಾತ್ರ ಕೇಳುವ ನಿಯಮವಿದೆ.

ಆ ಉತ್ತರಗಳನ್ನು ಮುಂದೆ ಸಂಶೋಧಕರಿಗೆ ಕೊಡುವಾಗ ಹೆಸರನ್ನೂ ವಿಳಾಸವನ್ನೂ ತೆಗೆದುಹಾಕಲಾಗುತ್ತದೆ. ಭೂಪಟದ ಮೇಲೆ ನಿಮ್ಮ ಹಳ್ಳಿಯ ಸ್ಥಾನವನ್ನು ಕೂಡ ಇದ್ದಲ್ಲಿಯೇ ತೋರಿಸುವುದಿಲ್ಲ. ಗ್ರಾಮಾಂತರದ ಸ್ಥಾನಗಳನ್ನು 5 ಕಿಲೋಮೀಟರುಗಳವರೆಗೆ, ಕೆಲವನ್ನು 10 ಕಿಲೋಮೀಟರುಗಳವರೆಗೆ ಬೇಕೆಂದೇ ಯಾವುದಾದರೊಂದು ದಿಕ್ಕಿಗೆ ಸರಿಸಿ ಗುರುತು ಮಾಡುತ್ತಾರೆ. ನಕ್ಷೆಯನ್ನು ಹಿಡಿದು ಹುಡುಕುತ್ತ ಬಂದವನಿಗೆ ನಿಮ್ಮ ಮನೆಯಲ್ಲ, ನಿಮ್ಮ ಊರೂ ಸಿಗದಿರಲೆಂಬುದೇ ಇದರ ಉದ್ದೇಶ.

ಹೆಸರು ಬರೆಯದ ರಿಜಿಸ್ಟರು

ಗರ್ಭಪಾತದ ವಿಷಯದಲ್ಲಿ ಗುಟ್ಟಿನ ಅಗತ್ಯ ಎಲ್ಲಕ್ಕಿಂತ ಹೆಚ್ಚು. ಗುಟ್ಟು ಬಯಲಾದೀತೆಂದು ಹೆದರಿ ಅನುಭವವಿಲ್ಲದವರ ಕೈಗೆ ಸಿಕ್ಕು ಪ್ರಾಣ ಕಳೆದುಕೊಂಡವರುಂಟು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಮತ್ತು ಅದರಡಿಯ ನಿಯಮಾವಳಿಗಳಂತೆ ಆಸ್ಪತ್ರೆಯು ಇಡುವ ದಾಖಲಾತಿ ರಿಜಿಸ್ಟರು ಒಂದು ರಹಸ್ಯ ದಾಖಲೆ. ಹೆಂಗಸಿನ ಒಪ್ಪಿಗೆ ಪತ್ರವನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ, ಮೇಲೆ ಕ್ರಮಸಂಖ್ಯೆಯನ್ನೂ ರಹಸ್ಯವೆಂಬ ಮಾತನ್ನೂ ಬರೆದು ಕಾಪಾಡಬೇಕು. ಬೇರೆ ದಾಖಲೆಗಳಲ್ಲಿ ಹೆಸರಿನ ಬದಲಿಗೆ ಆ ಸಂಖ್ಯೆಯೇ ಇರಬೇಕು. ರಿಜಿಸ್ಟರಿನ ಕೊನೆಯ ನಮೂದಿನಿಂದ ಐದು ವರ್ಷ ಕಳೆದ ಮೇಲೆ ಅದನ್ನು ನಾಶಪಡಿಸಬೇಕು. ಮೇಲಧಿಕಾರಿಗಳಿಗೆ ತಿಂಗಳಿಗೊಮ್ಮೆ ಹೋಗುವುದು ಸಂಖ್ಯೆಗಳ ವಿವರಣೆ ಮಾತ್ರ.

2021ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಆ ಹೆಂಗಸಿನ ಹೆಸರನ್ನು ತಿಳಿಸುವ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದು. 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಇದಕ್ಕೆ ಸಾಕೆಂಬುದನ್ನೂ ದಂಪತಿಗಳಿಬ್ಬರೂ ತಿಳಿದಿರಬೇಕು.

ಹಿರಿಯರ ಭಯಕ್ಕೆ ಕಾರಣವಿತ್ತು

ಮಕ್ಕಳ ಸಂಖ್ಯೆಯನ್ನು ಹೇಳಲು ಹಿರಿಯರು ಇಂದಿಗೂ ಅನುಮಾನಿಸಿದರೆ ಅವರನ್ನು ಹಳಿಯಬಾರದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಅನೇಕ ಕಡೆ ಬಲವಂತ ನಡೆಯಿತು. ಪಟ್ಟಿಯಲ್ಲಿ ಹೆಸರು ಸೇರಿದರೆ ಆಪತ್ತೆಂಬ ಭಾವನೆ ಆಗ ಬೇರೂರಿತು. 1977ರಲ್ಲಿ ಕುಟುಂಬ ಯೋಜನೆಯು ಕುಟುಂಬ ಕಲ್ಯಾಣವೆಂಬ ಹೆಸರನ್ನು ಪಡೆಯಿತು. 1996ರ ಏಪ್ರಿಲಿನಿಂದ, ಇಂತಿಷ್ಟು ಶಸ್ತ್ರಚಿಕಿತ್ಸೆಗಳಾಗಬೇಕೆಂದು ಮೇಲಿನಿಂದ ಗುರಿ ನಿಗದಿ ಮಾಡುವ ಪದ್ಧತಿಯನ್ನು ದೇಶದಾದ್ಯಂತ ಕೈಬಿಡಲಾಯಿತು. ಎಷ್ಟು ಮಕ್ಕಳು ಬೇಕು, ಯಾವ ವಿಧಾನ ಬೇಕು ಎಂಬುದು ದಂಪತಿಗಳು ತಾವಾಗಿಯೇ ತೀರ್ಮಾನಿಸತಕ್ಕ ವಿಷಯ.

ಅಂದಿನಿಂದ ಕಾನೂನಿನ ಬಲವೂ ಹೆಚ್ಚಿದೆ. 2008ರ ಅಂಕಿಅಂಶ ಸಂಗ್ರಹಣೆ ಕಾಯಿದೆಯು, ಅದರಡಿಯಲ್ಲಿ ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕಲ್ಲದೆ ಬೇರೆಯದಕ್ಕೆ ಬಳಸಕೂಡದೆಂದು ಹೇಳುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಸಾರಿತು. ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗವು 2025ರಲ್ಲಿ ಮನೆಮನೆಯ ಸಮೀಕ್ಷೆ ಕೈಗೊಂಡಾಗ, ಅದನ್ನು ಮುಂದುವರಿಸಲು ಅವಕಾಶ ಕೊಟ್ಟ ಉಚ್ಚ ನ್ಯಾಯಾಲಯವು ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಎರಡು ಷರತ್ತುಗಳನ್ನು ಎತ್ತಿ ಹೇಳಿತು. ಮಾಹಿತಿಯನ್ನು ಗೋಪ್ಯವಾಗಿಡಬೇಕು, ಉತ್ತರಿಸುವುದು ಸ್ವಇಚ್ಛೆಯದೆಂದು ಜನರಿಗೆ ತಿಳಿಸಬೇಕು.

ಗುಟ್ಟು ಸೋರುವುದು ಎಲ್ಲಿ?

ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದೇ ಎಂಬ ಪ್ರಶ್ನೆ ಬುದ್ಧಿವಂತರಾದ ಓದುಗರಿಗೆ ಬಂದೀತು. ಇದು ನ್ಯಾಯವಾದ ಪ್ರಶ್ನೆ. ನಲವತ್ತು ಮನೆಗಳ ಊರಿನಲ್ಲಿ ಆರು ಮಕ್ಕಳ ತಾಯಿ ಒಬ್ಬಳೇ ಇದ್ದರೆ, ಆ ಊರಿನ ಕೋಷ್ಟಕದಲ್ಲಿ ಒಂದು ಎಂಬ ಅಂಕಿಯನ್ನು ಕಂಡೊಡನೆ ಅದು ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಆದ್ದರಿಂದಲೇ ಊರಿನ ಮಟ್ಟದಲ್ಲಿ ಗಣತಿಯು ಪ್ರಕಟಿಸುವುದು ಜನಸಂಖ್ಯೆ, ಅಕ್ಷರಸ್ಥರು, ದುಡಿಯುವವರು ಮೊದಲಾದ ಸಾಮಾನ್ಯ ವಿವರಗಳನ್ನು. ಹೆತ್ತ ಮಕ್ಕಳು, ಉಳಿದ ಮಕ್ಕಳು ಇಂತಹ ವಿಷಯಗಳನ್ನು ಜಿಲ್ಲೆ ಅಥವಾ ರಾಜ್ಯದಷ್ಟು ದೊಡ್ಡ ಗುಂಪಿಗೆ ಸೇರಿಸಿಯೇ ಪ್ರಕಟಿಸುತ್ತಾರೆ. ಮಾಹಿತಿಯನ್ನು ಕೊಟ್ಟವರು ಯಾರೆಂದು ಗುರುತಿಸಲಾಗದಂತೆ ಅಂಕಿಅಂಶಗಳನ್ನು ಜೋಡಿಸಬೇಕೆಂದು 2008ರ ಕಾಯಿದೆಯೂ ವಿಧಿಸಿದೆ.

ಹೀಗಿರುವಾಗ ನಿಮ್ಮ ಮಾತು ಸೋರುವ ಅಪಾಯ ದೂರದ ಕಚೇರಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಿಮ್ಮ ಜಗಲಿಯಲ್ಲಿಯೇ ಇದೆ. ಎಣಿಸಲು ಬಂದವರು ಅದೇ ಊರಿನವರಾಗಿರಬಹುದು. ಉತ್ತರ ಹೇಳುವ ಹೊತ್ತಿಗೆ ಪಕ್ಕದ ಮನೆಯವರು ಕುತೂಹಲದಿಂದ ಬಂದು ನಿಂತಿರಬಹುದು. ಸೊಸೆಯ ಪರವಾಗಿ ಅತ್ತೆಯೇ ಉತ್ತರ ಹೇಳುತ್ತಿರಬಹುದು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಕಾಯಿದೆ ಯಾವುದೂ ಇಲ್ಲ. ಆದುದರಿಂದ ಇಲ್ಲಿ ಎಚ್ಚರ ವಹಿಸಬೇಕಾದವರು ನೀವೂ ನಾವೂ ಇಬ್ಬರೂ.

ಮುಚ್ಚಿಟ್ಟರೆ ನಷ್ಟ ಯಾರಿಗೆ?

ತಿಂಗಳು ತುಂಬುವ ಮೊದಲೇ ತೀರಿಹೋದ ಕೂಸಿನ ಮಾತನ್ನು ಎತ್ತಲು ಯಾವ ತಾಯಿಗೂ ಮನಸ್ಸು ಬಾರದು. ಮನೆಯವರು ಅದನ್ನು ಲೆಕ್ಕಕ್ಕೆ ಸೇರಿಸದೆ ಬಿಡುವುದುಂಟು. ಆದರೆ ಎಣಿಕೆಗೆ ಬಾರದ ಸಾವಿನಿಂದ ಯಾರೂ ಏನನ್ನೂ ಕಲಿಯಲಾರರು. ಮಾದರಿ ನೋಂದಣಿಯ ಪ್ರಕಾರ 2010ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 38 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವು. 2020ರಲ್ಲಿ ಈ ಸಂಖ್ಯೆ 19ಕ್ಕೆ ಇಳಿದಿತ್ತು. ಅರ್ಧಕ್ಕರ್ಧ ಕಡಿಮೆಯಾಯಿತೆಂದು ನಾವು ಇಂದು ಹೇಳಬಲ್ಲೆವಾದರೆ, ಆಯ್ದ ಹಳ್ಳಿಗಳ ತಾಯಂದಿರು ತಮ್ಮ ದುಃಖವನ್ನು ಅಪರಿಚಿತರ ಮುಂದೆ ನಿಜವಾಗಿ ಹೇಳಿದುದೇ ಅದಕ್ಕೆ ಆಧಾರ.

ಇನ್ನೊಂದು ಉದಾಹರಣೆ. ಮದುವೆಯಾದ 18ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾರೆಂದು ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ವಿಷಯದಲ್ಲಿ ತಿಳಿಸಿತು. ನಾಡು ತಲೆತಗ್ಗಿಸಬೇಕಾದ ಸಂಖ್ಯೆಯಿದು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಹೆಸರು ಹೊರಬೀಳದೆಂಬ ಭರವಸೆಯಿಂದ ಹೆಂಗಸರು ಮಾತನಾಡಿದುದರಿಂದಲೇ ಇದು ತಿಳಿದುಬಂದಿತು. ಆ ಭರವಸೆ ಒಮ್ಮೆ ಮುರಿದರೆ ಮುಂದಿನ ಸಮೀಕ್ಷೆಯಲ್ಲಿ ಎಲ್ಲರೂ ಸುಖವಾಗಿರುವರೆಂಬ ಸುಳ್ಳು ಲೆಕ್ಕ ಬರೆಯಲ್ಪಡುತ್ತದೆ. ನೊಂದವರಿಗೆ ನೆರವು ಬೇಕೆಂಬುದೇ ಯಾರಿಗೂ ತೋರದು.

ನೀವು ಅನುಸರಿಸಬೇಕಾದ ಕ್ರಮಗಳು

1. ಮನೆಗೆ ಬಂದವರ ಗುರುತಿನ ಚೀಟಿಯನ್ನು ಕೇಳಿ ನೋಡಿರಿ. ಯಾವ ಇಲಾಖೆ, ಯಾವ ಸಮೀಕ್ಷೆ, ಉತ್ತರ ಕಡ್ಡಾಯವೇ ಅಥವಾ ಇಚ್ಛೆಗೆ ಬಿಟ್ಟದ್ದೇ ಎಂಬುದನ್ನು ಮೊದಲೇ ವಿಚಾರಿಸಿರಿ. ಹೀಗೆ ಕೇಳುವುದು ಅವಿನಯವಲ್ಲ.

2. ಉತ್ತರವನ್ನು ಅರಳಿಕಟ್ಟೆಯಲ್ಲಿಯೋ ಅಂಗಡಿಯ ಮುಂದೆಯೋ ಹೇಳಬೇಡಿರಿ. ಮನೆಯೊಳಗೆ ಕರೆದು ಕೂರಿಸಿರಿ. ನೆರೆಯವರು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಬರುವಂತೆ ಮರ್ಯಾದೆಯಿಂದ ಹೇಳಿರಿ.

3. ಆರೋಗ್ಯ ಸಮೀಕ್ಷೆಯವರು ಹೆಂಡತಿಯೊಡನೆ ಏಕಾಂತದಲ್ಲಿ ಮಾತನಾಡಬೇಕೆಂದರೆ ಗಂಡನು ಅನುಮಾನಪಡದೆ ಎದ್ದು ಹೊರಗೆ ಹೋಗಬೇಕು. ಆಮೇಲೆ ಏನು ಹೇಳಿದೆ ಎಂದು ಪೀಡಿಸಬಾರದು. ಗಂಡನನ್ನು ಪ್ರಶ್ನಿಸುವಾಗ ಹೆಂಡತಿಯೂ ಹೀಗೆಯೇ ನಡೆದುಕೊಳ್ಳತಕ್ಕದ್ದು.

4. ಬ್ಯಾಂಕ್ ಖಾತೆಯ ಸಂಖ್ಯೆ, ಎ.ಟಿ.ಎಂ. ಗುಪ್ತಸಂಖ್ಯೆ, ಬ್ಯಾಂಕಿನಿಂದ ಬಂದ ಓ.ಟಿ.ಪಿ. ಇವು ಜನಗಣತಿಗೆ ಬೇಕಾದುವಲ್ಲ. ಕೇಳಿದವರು ಮೋಸಗಾರರೆಂದು ತಿಳಿದು ಪೊಲೀಸರಿಗೆ ತಿಳಿಸಿರಿ.

5. ನಿಮ್ಮ ಉತ್ತರ ಊರಿನಲ್ಲಿ ಹರಡಿದೆಯೆಂದು ಕಂಡುಬಂದರೆ ಸುಮ್ಮನಿರಬೇಡಿರಿ. ಜನಗಣತಿಯ ವಿಷಯವಾದರೆ ತಹಸೀಲ್ದಾರರಿಗೆ, ಆರೋಗ್ಯ ಸಿಬ್ಬಂದಿಯ ವಿಷಯವಾದರೆ ವೈದ್ಯಾಧಿಕಾರಿಗೆ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿರಿ.

6. ನಿಮ್ಮಲ್ಲಿ ಯಾರಾದರೂ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಅಥವಾ ಉಪಾಧ್ಯಾಯರಾಗಿದ್ದರೆ, ಮನೆಮನೆಯಲ್ಲಿ ಕೇಳಿದ ಮಾತನ್ನು ಸ್ವಂತ ಮನೆಯಲ್ಲಿ ಕೂಡ ಆಡಬೇಡಿರಿ. ತುಂಬಿದ ಪಟ್ಟಿಗಳನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿರಿ. ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಯಾರಿಗೂ ಕಳುಹಿಸಬೇಡಿರಿ.

ಮುಂದೆ ಎಣಿಸುವವರು ನಿಮ್ಮ ಬಾಗಿಲಿಗೆ ಬಂದಾಗ ಮೊದಲು ಗುರುತನ್ನು ಕೇಳಿರಿ, ಒಳಗೆ ಕೂರಿಸಿರಿ, ಆಮೇಲೆ ನಿಜವನ್ನು ಹೇಳಿರಿ. ಹೆತ್ತ ಮಕ್ಕಳೆಲ್ಲರೂ, ಕಳೆದುಕೊಂಡ ಮಕ್ಕಳೂ ಸೇರಿ, ಆ ಲೆಕ್ಕದಲ್ಲಿ ಬರಲಿ. ಆ ಲೆಕ್ಕದಿಂದ ನಿಮ್ಮ ಹೆಸರನ್ನು ದೂರವಿಡುವುದು ಸರ್ಕಾರದ ಸಿಬ್ಬಂದಿಯಾದ ನಮ್ಮ ಕರ್ತವ್ಯ. ನಾವು ಅದರಲ್ಲಿ ತಪ್ಪಿದರೆ ನಮ್ಮನ್ನು ಕೇಳುವ ಹಕ್ಕು ನಿಮ್ಮದು.